ಕಪ್ಪೆಯನ್ನು ಗೋಡೆಗೆ ಎಸೆಯಬೇಕೇ, ದಿಂಬಿನ ಮೇಲೆ ಮಲಗಿಸಬೇಕೇ?

ಪ್ರಶ್ನೆ: ಗ್ರಿಮ್ ಸಹೋದರರ ಜರ್ಮನ್ ಕಥೆಗಳನ್ನು ಇಂಗ್ಲಿಷಿಗೆ ತರುವವರು ಮಕ್ಕಳಿಗಾಗಿ ಅವನ್ನು ತಿದ್ದಬಹುದೇ?

ಪರ

ಸ್ನೋ ವೈಟ್ ಕಥೆಯ ಕೊನೆ ನೆನಪಿದೆಯಾ? ಕೆಟ್ಟ ರಾಣಿಗೆ ಕಾದು ಕೆಂಪಾದ ಕಬ್ಬಿಣದ ಪಾದರಕ್ಷೆ ತೊಡಿಸುತ್ತಾರೆ. ಸಾಯುವವರೆಗೂ ಅವಳು ಕುಣಿಯಬೇಕು. 1823ರಲ್ಲಿ ಈ ಕಥೆಗಳನ್ನು ಇಂಗ್ಲಿಷಿಗೆ ತಂದ ಎಡ್ಗರ್ ಟೇಲರ್ ಇದನ್ನು ಬಿಟ್ಟುಬಿಟ್ಟರು. ರಾಣಿ ಸಿಟ್ಟಿನಿಂದ ಉಸಿರುಗಟ್ಟಿ, ಕಾಯಿಲೆ ಬಿದ್ದು ಸತ್ತಳು ಎಂದು ಬರೆದರು. ಐದು ವರ್ಷದ ಮಗುವನ್ನು ಮಲಗಿಸುವಾಗ ನಾನು ಓದುವುದೂ ಇದನ್ನೇ. ಕಥೆ ಹೇಳುವ ಅಜ್ಜಿಯರು ಎದುರಿಗೆ ಕೂತ ಮಗುವಿನ ಮುಖ ನೋಡಿ ಮಾತು ಬದಲಿಸುತ್ತಿರಲಿಲ್ಲವೇ?

ಮೂಲದಲ್ಲೇ ತಿದ್ದುಪಡಿ ಏನು ಕಮ್ಮಿಯೇ? 1812ರ ಮೊದಲ ಆವೃತ್ತಿಯಲ್ಲಿ, ಗೋಪುರದಲ್ಲಿ ಕೂಡಿಹಾಕಿದ ಹುಡುಗಿ ರಪುಂಜೆಲ್ ತನ್ನ ಬಟ್ಟೆ ಬಿಗಿಯಾಗುತ್ತಿದೆ ಅನ್ನುತ್ತಾಳೆ. ಬಸುರಿ ಅವಳು, ಪಾಪ, ಅವಳಿಗೇ ಗೊತ್ತಿಲ್ಲ. ವಿಲ್ಹೆಲ್ಮ್ ಗ್ರಿಮ್ ಮುಂದೆ ಆ ಮಾತನ್ನೇ ತೆಗೆದರು. 1857ರ ಏಳನೇ ಆವೃತ್ತಿಯವರೆಗೂ ತಿದ್ದುವುದು ನಡೆದೇ ಇತ್ತು. ಟೇಲರ್ ಪುಸ್ತಕ ಬಂದ ಎರಡು ವರ್ಷಕ್ಕೆ ಗ್ರಿಮ್‌ಗಳೂ 50 ಕಥೆಗಳನ್ನು ಆರಿಸಿ, ಚಿತ್ರ ಹಾಕಿಸಿ, ಚಿಕ್ಕ ಪುಸ್ತಕ ತಂದರು.

ವಿರೋಧ

ಕಪ್ಪೆಯ ಕಥೆಯನ್ನೇ ತಗೊಳ್ಳಿ. ಜೊತೆಗೆ ಇಟ್ಟುಕೊಳ್ಳುತ್ತೇನೆ ಎಂದು ರಾಜಕುಮಾರಿ ಮಾತು ಕೊಟ್ಟ ಮೇಲೆ, ಬಾವಿಗೆ ಬಿದ್ದ ಅವಳ ಚಿನ್ನದ ಚೆಂಡನ್ನು ಕಪ್ಪೆ ತಂದುಕೊಡುತ್ತದೆ. ಆಮೇಲೆ ಅವಳ ತಟ್ಟೆಯಲ್ಲೇ ಉಣ್ಣುತ್ತದೆ. ಅವಳ ಹಾಸಿಗೆಯೂ ಬೇಕಂತೆ. ಕೊಟ್ಟ ಮಾತು ನಡೆಸು ಎಂದು ಅಪ್ಪ ಗದರುತ್ತಾನೆ. ಅವಳು ಎರಡೇ ಬೆರಳಲ್ಲಿ ಅದನ್ನು ಎತ್ತಿಕೊಂಡು ಹೋಗಿ ಮೂಲೆಗೆ ಹಾಕುತ್ತಾಳೆ. ಮೇಲಕ್ಕೆ ಎತ್ತಿಕೋ, ಇಲ್ಲಾಂದ್ರೆ ನಿಮ್ಮಪ್ಪನಿಗೆ ಹೇಳ್ತೀನಿ ಅನ್ನುತ್ತದೆ ಕಪ್ಪೆ. ಅವಳಿಗೆ ಸಿಟ್ಟು ನೆತ್ತಿಗೇರುತ್ತದೆ. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಗೋಡೆಗೆ ಎಸೆಯುತ್ತಾಳೆ. ಕೆಳಗೆ ಬೀಳುವ ಹೊತ್ತಿಗೆ ಅದು ರಾಜಕುಮಾರ!

ಟೇಲರ್ ಅನುವಾದದಲ್ಲಿ ಕಪ್ಪೆ ಅವಳ ದಿಂಬಿನ ಮೇಲೆ ಮೂರು ರಾತ್ರಿ ಮಲಗುತ್ತದೆ, ಅಷ್ಟೇ. ಸಿಟ್ಟೂ ಇಲ್ಲ, ಗೋಡೆಯೂ ಇಲ್ಲ. ಇದು ಮೃದು ಮಾಡಿದ್ದಲ್ಲ, ಕಥೆಯನ್ನೇ ತಿರುಗಿಸಿದ್ದು. ಬೇಡ ಅಂದ ಹುಡುಗಿ ಸುಮ್ನೆ ಸಹಿಸಿಕೊಂಡರೆ ಬಹುಮಾನ ಸಿಗುತ್ತದೆ ಅಂತಾಯಿತು. ನನಗೆ ಕಬ್ಬಿಣದ ಪಾದರಕ್ಷೆಗಿಂತ ಜಾಸ್ತಿ ಹೆದರಿಕೆ ಹುಟ್ಟಿಸುವುದು ಇದು.

ಇನ್ನು ವಿಲ್ಹೆಲ್ಮ್ ತಿದ್ದಿದರಲ್ವಾ ಅನ್ನುವ ಮಾತು. ಹೌದು, ತಿದ್ದಿದರು. ಆದರೆ 1857ರಲ್ಲೂ ಕಪ್ಪೆ ಗೋಡೆಗೇ ಬಡಿಯುತ್ತದೆ. ಆ ಏಟನ್ನು ಅವರು ತೆಗೆಯಲಿಲ್ಲ. 1884ರಲ್ಲಿ ಮಾರ್ಗರೆಟ್ ಹಂಟ್ ಟಿಪ್ಪಣಿಗಳ ಸಮೇತ ತಂದ ಪೂರ್ತಿ ಇಂಗ್ಲಿಷ್ ಅನುವಾದದಲ್ಲೂ ಆ ಗೋಡೆ ಇದೆ. 2014ರಲ್ಲಿ ಜ್ಯಾಕ್ ಜೈಪ್ಸ್ ಮೊದಲ ಆವೃತ್ತಿಯನ್ನೇ ಇಂಗ್ಲಿಷಿಗೆ ತಂದರು. ರಪುಂಜೆಲ್‌ಳ ಬಿಗಿಯಾದ ಬಟ್ಟೆ ಈಗ ಅಲ್ಲಿದೆ.