ಮೈಸೂರಿಗೆ ಮುಂಚಿನ ಸ್ಟೇಷನ್ನು

ಮೊನ್ನೆ ಮೂರು ದಿನ ಕೂತು ಒಂದು ಕಾಂಪೊನೆಂಟ್, ಅಂದರೆ ಬೇಕಾದಲ್ಲೆಲ್ಲಾ ಮತ್ತೆ ಬಳಸಬಹುದಾದ ಕೋಡಿನ ತುಂಡು, ಬರೆದೆ. ಪರದೆಯ ನಡುವೆ ಡಬ್ಬಿಯೊಂದು ಬಂದು 'ಖಂಡಿತಾ ಅಳಿಸಬೇಕಾ?' ಅಂತ ಕೇಳುತ್ತದೆ, ಅಷ್ಟೇ. ಕೋಡನ್ನು ಟೀಮಿನವರ ರಿವ್ಯೂಗೆ ಕಳಿಸಿದೆ. ಐದೇ ನಿಮಿಷಕ್ಕೆ ಉತ್ತರ ಬಂತು: 'ಇದು ಆಗಲೇ ಇದೆಯಲ್ಲಾ?'

ಇತ್ತು. ಒಂದಲ್ಲ, ಮೂರು. ಒಬ್ಬರು ಮೋಡಲ್ ಅಂದಿದ್ದರು, ಒಬ್ಬರು ಡೈಲಾಗ್, ಇನ್ನೊಬ್ಬರು ಪಾಪ್‌ಅಪ್‌ನ್ಯೂ. ನಾನು ಹುಡುಕಿದ್ದು ಕನ್‌ಫರ್ಮ್‌ಬಾಕ್ಸ್ ಅಂತ. ಸಿಗುವುದಾದರೂ ಹೇಗೆ? ಆ 'ನ್ಯೂ'ಗೆ ಈಗ ಆರು ವರ್ಷ. ಇರಲಿ, ನೂರಾರು ವರ್ಷವಾದರೂ ಹೊಸಕೋಟೆಯನ್ನು ಯಾರೂ ಹಳೇಕೋಟೆ ಅನ್ನಲಿಲ್ಲವಲ್ಲ.

ನಮ್ಮಜ್ಜಿ ನೆನಪಾದರು. ತಾತನ ಹೆಸರು ರಂಗಪ್ಪ. ಗಂಡನ ಹೆಸರು ಬಾಯಲ್ಲಿ ಬರಬಾರದು ಅನ್ನುವ ಕಾಲ. ಅಜ್ಜಿ 'ರಂಗ' ಇದ್ದ ಕಡೆಯೆಲ್ಲಾ ಆ ನಿಯಮ ಹಚ್ಚಿದರು. ರಂಗೋಲಿ 'ಬಾಗಿಲ ಪುಡಿ' ಆಯಿತು. ಪಕ್ಕದ ಮನೆ ರಂಗಮ್ಮ 'ನಾಯಿ ಸಾಕಿದೋಳು' ಆದರು. ನಾಯಿ ಸತ್ತು ಹತ್ತು ವರ್ಷವಾದರೂ ಅದೇ ಹೆಸರು. ಕಷ್ಟವಾಗಿದ್ದು ತವರಿನದು, ಅದು ಶ್ರೀರಂಗಪಟ್ಟಣ. ಒಮ್ಮೆ ಮಂಡ್ಯದಲ್ಲಿ ಒಬ್ಬರೇ ಟಿಕೆಟ್ ಕೌಂಟರಿಗೆ ಹೋದರು.

'ಎಲ್ಲಿಗಮ್ಮಾ?'

'ಮೈಸೂರಿಗೆ ಮುಂಚಿನ ಸ್ಟೇಷನ್ನಿಗಪ್ಪಾ.'

ಆತ ನಾಗನಹಳ್ಳಿಗೆ ಟಿಕೆಟ್ ಕೊಟ್ಟ. ಲೆಕ್ಕಕ್ಕೆ ಆತನದೇ ಸರಿ. ಮೈಸೂರಿಗೆ ಮುಂಚಿನದು ನಾಗನಹಳ್ಳಿ, ಅದಕ್ಕೂ ಮುಂಚಿನದು ಶ್ರೀರಂಗಪಟ್ಟಣ.

'ಇದಲ್ಲಪ್ಪಾ, ಹೊಳೆ ಇರೋದು.'

'ಯಾವ ಹೊಳೇನಮ್ಮಾ?'

'ಟಿಪ್ಪು ಸತ್ತಿದ್ದು.'

'ಹೊಳೇಲಾ?'

ಹಿಂದೆ ನಿಂತವರು ಗಲಾಟೆ ಶುರು ಮಾಡಿದರು. 'ಶ್ರೀರಂಗಪಟ್ಟಣಾನಾ?' ಅಂತ ಒಬ್ಬ ಪುಣ್ಯಾತ್ಮ ಕೇಳಿದ್ದರೆ ತಲೆಯಾಡಿಸಿ ಬದುಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ರೈಲು ಬಂತು. ನಾಗನಹಳ್ಳಿ ಟಿಕೆಟ್ ಹಿಡಿದು ಶ್ರೀರಂಗಪಟ್ಟಣದಲ್ಲೇ ಇಳಿದರು. ಹೆಚ್ಚಿಗೆ ತೆತ್ತ ಚಿಲ್ಲರೆಯನ್ನು ಮಾತ್ರ ಸಾಯುವವರೆಗೂ ಮರೆಯಲಿಲ್ಲ. 'ಇವರಿಗೆ ಬೇರೆ ಹೆಸರೇ ಸಿಗಲಿಲ್ವಾ?' ಅಂತ ತಾತನ ಮೇಲೇ ರೇಗುತ್ತಿದ್ದರು.

ಆದರೂ ಅಜ್ಜಿಯ ಹೆಸರುಗಳು ದಿನಕ್ಕೊಂದು ಥರ ಬದಲಾಗುತ್ತಿರಲಿಲ್ಲ. ಬಾಗಿಲ ಪುಡಿ ಅಂದರೆ ಮನೆಯವರಿಗೆಲ್ಲಾ ಗೊತ್ತಿತ್ತು. ಬ್ರೌಸರುಗಳದ್ದೂ ಅದೇ ಕಥೆ. ಯಾವ ಪುಟದಿಂದ ಬಂದಿರಿ ಅಂತ ಸರ್ವರಿಗೆ ಹೇಳುವ 'ರೆಫರರ್' ಅನ್ನುವ ಹೆಡರ್, ಅಂದರೆ ಬ್ರೌಸರು ಕಳಿಸುವ ಮಾಹಿತಿಯ ಸಾಲು, ಒಂದಿದೆ. ಬ್ರೌಸರು, ಸರ್ವರು ಮಾತಾಡಿಕೊಳ್ಳುವ ನಿಯಮ ಎಚ್‌ಟಿಟಿಪಿ. ಅದರ 1996ರ ದಾಖಲೆಯಲ್ಲೇ ಈ ಹೆಡರಿನ ಸ್ಪೆಲಿಂಗಿನಲ್ಲಿ ಒಂದು 'ಆರ್' ಕಮ್ಮಿ. ಇವತ್ತಿಗೂ ಜಗತ್ತೆಲ್ಲಾ ಹಾಗೇ ಬರೆಯುತ್ತದೆ. ಎಲ್ಲರದೂ ಒಂದೇ ತಪ್ಪು, ಹಾಗಾಗಿ ಕೆಲಸ ನಡೆಯುತ್ತದೆ.

ನಮ್ಮ ಟೀಮಿನಲ್ಲಿ ಒಬ್ಬೊಬ್ಬರದೂ ಒಂದೊಂದು ಸರಿ. ಹೆಸರಿಡುವುದಕ್ಕೇ ಎಂಟು ಜನ ಒಂದೂವರೆ ಗಂಟೆ ಮೀಟಿಂಗ್ ಮಾಡಿದ್ದೂ ಆಗಿದೆ. ಮಗುವಿನ ನಾಮಕರಣವಾಗಿದ್ದರೆ ಊಟವಾದರೂ ಇರುತ್ತಿತ್ತು. ಅಲ್ಲಿ ತೀರ್ಮಾನವಾಗಿದ್ದನ್ನೆಲ್ಲಾ ಒಬ್ಬ ಅಚ್ಚುಕಟ್ಟಾಗಿ ಬರೆದಿಟ್ಟ, ಮುಂದಿನ ತಿಂಗಳು ಕೆಲಸ ಬಿಟ್ಟ. ಆ ಫೈಲಿಗೆ ಏನು ಹೆಸರಿಟ್ಟಿದ್ದನೋ, ಹುಡುಕಿದರೆ ಸಿಗುತ್ತಿಲ್ಲ.

ಸುಮ್ನೆ ಜಗಳ ಯಾಕೆ ಅಂತ ನನ್ನದನ್ನು ಅಳಿಸಿದೆ. ನನ್ನ ಡಬ್ಬಿಯೇ ಬಂದು 'ಖಂಡಿತಾ ಅಳಿಸಬೇಕಾ?' ಅಂದಿದ್ದರೆ ಬೇಡ ಅನ್ನುತ್ತಿದ್ದೆನೇನೋ. ಉಳಿದ ಮೂರರಲ್ಲಿ ಯಾವುದನ್ನು ಬಳಸಲಿ ಅಂತ ರಿವ್ಯೂ ಮಾಡಿದ ಹುಡುಗಿಯನ್ನೇ ಕೇಳಿದೆ.

'ಯಾವುದಾದ್ರೂ ಹಾಕಿ,' ಅಂದಳು. 'ಪಾಪ್‌ಅಪ್‌ನ್ಯೂ ಮಾತ್ರ ಬೇಡ. ಅದು ಹಳೇದು.'