ಬೆರಳಲ್ಲಿ ನುಡಿಸುವವರಿಗೆ ಅಷ್ಟು ದೊಡ್ಡ ಗಿಟಾರ್ ಯಾಕೆ?

ಗಿಟಾರ್ ಅಂಗಡಿಗೆ ಹೋದವರಿಗೆಲ್ಲ ಹೆಚ್ಚುಕಮ್ಮಿ ಒಂದೇ ಅನುಭವ. ಕೌಂಟರಿನ ಹುಡುಗ ಗೋಡೆಯಿಂದ ಒಂದು ಗಿಟಾರ್ ಇಳಿಸುತ್ತಾನೆ. ಜೇಬಿನಿಂದ ತಂತಿ ಮೀಟುವ ಪಿಕ್ ತೆಗೆದು, ಜಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದು, ಝರ್ರನೆ ಎಳೆಯುತ್ತಾನೆ. ಅಂಗಡಿ ತುಂಬ ಸದ್ದು. 'ನೋಡಿ ಸಾರ್, ಏನ್ ಬೇಸು!' ಆಮೇಲೆ ಪಕ್ಕದ ಚಿಕ್ಕ ಗಿಟಾರನ್ನೂ ಇಳಿಸಿ ಹಾಗೇ ಬಾರಿಸುತ್ತಾನೆ. ಅದು ಸ್ವಲ್ಪ ಪೀಚಲು ಅನ್ನಿಸುತ್ತದೆ. 'ಇದು ಮಕ್ಕಳಿಗೆ ಸಾರ್, ನಿಮಗೆ ಬೇಡ.' ಅಲ್ಲಿಗೆ ತೀರ್ಮಾನ ಆಯಿತು, ದೊಡ್ಡದು ಮನೆಗೆ ಬಂತು.

ಪಿಕ್ ಹಿಡಿದು ಜೋರಾಗಿ ಸ್ಟ್ರಮ್ ಮಾಡುವವರಿಗೆ ಈ ತೀರ್ಮಾನ ಸರಿಯೇ. ಆದರೆ ಸುಮಾರು ಜನ ಗಿಟಾರ್ ಕಲಿಯೋಕೆ ಹೊರಡುವುದು ಬೆರಳಲ್ಲಿ ಒಂದೊಂದೇ ತಂತಿ ಮೀಟುವ ಆಸೆಯಿಂದ. ರಾತ್ರಿ ಊಟ ಆದ ಮೇಲೆ ಒಂದು ಭಾವಗೀತೆಯನ್ನು ಮೆಲ್ಲಗೆ ಗುನುಗಿಕೊಂಡು ನುಡಿಸಬೇಕು, ಅಷ್ಟೇ ಅವರ ಬೇಡಿಕೆ. ಅಂಥವರಿಗೂ ಅದೇ ಝರ್ರನೆಯ ಪರೀಕ್ಷೆ ಮಾಡಿ ಅದೇ ಗಿಟಾರ್ ಕೊಡುವುದು ಅನ್ಯಾಯ ಅನ್ನುವುದು ನನ್ನ ವಾದ. ಆ ಪರೀಕ್ಷೆಯಲ್ಲಿ ಚಿಕ್ಕ ಗಿಟಾರ್ ಯಾವತ್ತೂ ಗೆಲ್ಲುವುದಿಲ್ಲ.

ಆ ದೊಡ್ಡ ಆಕಾರಕ್ಕೆ ಡ್ರೆಡ್‌ನಾಟ್ ಅಂತ ಹೆಸರು. ಬ್ರಿಟಿಷರ ಒಂದು ಯುದ್ಧನೌಕೆಯ ಹೆಸರು ಅದು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಅನ್ನುವ ಇನ್ನೊಂದು ಕಂಪನಿಗಾಗಿ ಇದನ್ನು ಮಾಡಿಕೊಟ್ಟಿತು. ತನ್ನದೇ ಹೆಸರಲ್ಲಿ ಮಾರಿದ್ದು 1931ರಿಂದ. ಅದಕ್ಕೂ ಮೊದಲಿನ ಮಾರ್ಟಿನ್ ಗಿಟಾರುಗಳೆಲ್ಲ ಇದಕ್ಕಿಂತ ಚಿಕ್ಕವು. ಅವುಗಳ ಅಳತೆಯನ್ನು ಸೊನ್ನೆಗಳಲ್ಲಿ ಹೇಳುತ್ತಿದ್ದರು: 0, 00, 000. ಸೊನ್ನೆ ಜಾಸ್ತಿ ಆದಷ್ಟೂ ಗಿಟಾರ್ ದೊಡ್ಡದು. ಈಗಲೂ ಅದೇ ಲೆಕ್ಕ. 000 ಗಿಟಾರಿನ ಹೊಟ್ಟೆಯ ಅಗಲ 15 ಇಂಚು, ಡ್ರೆಡ್‌ನಾಟಿನದು ಹದಿನೈದೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿ. ಇಷ್ಟೇನಾ ವ್ಯತ್ಯಾಸ ಅನ್ನಬೇಡಿ. ಆಳ ನೋಡಿ. 000ದು ನಾಲ್ಕು ಇಂಚು ಚಿಲ್ಲರೆ, ಡ್ರೆಡ್‌ನಾಟಿನದು ಐದರ ಹತ್ತಿರ. ಮೇಲಾಗಿ ಡ್ರೆಡ್‌ನಾಟಿಗೆ ಸೊಂಟ ಅನ್ನುವುದೇ ಇಲ್ಲ. ಕುರ್ಚಿಯಲ್ಲಿ ಕೂತು ತೊಡೆ ಮೇಲೆ ಇಟ್ಟುಕೊಂಡರೆ ಬಲಭುಜ ಮೇಲಕ್ಕೆದ್ದು ಅರ್ಧ ಗಂಟೆಗೇ ನೋವು ಶುರು.

ಭುಜದ ವಿಷಯ ಬಿಡಿ, ಸದ್ದಿಗೆ ಬರೋಣ. ಬೆರಳಲ್ಲಿ ನುಡಿಸುವಾಗ ಹೆಬ್ಬೆರಳು ದಪ್ಪ ತಂತಿಗಳಲ್ಲಿ ಬೇಸ್ ನೋಡಿಕೊಳ್ಳುತ್ತದೆ, ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ರಾಗ ಹಿಡಿಯುತ್ತವೆ. ಬೆರಳ ತುದಿಯ ಮಾಂಸಕ್ಕೆ ಪಿಕ್ಕಿನಷ್ಟು ಕಸುವಿಲ್ಲ. ದೊಡ್ಡ ಡಬ್ಬಿಯಲ್ಲಿ ಗಾಳಿ ಜಾಸ್ತಿ, ಹಾಗಾಗಿ ಬೇಸ್ ತಾನಾಗಿಯೇ ಉಬ್ಬುತ್ತದೆ. ಮೆಲ್ಲಗೆ ಮೀಟಿದ ರಾಗ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕ ಗಿಟಾರಿನಲ್ಲಿ ಬೇಸ್ ಕಮ್ಮಿ, ಆದರೆ ಆರೂ ತಂತಿ ಒಂದೇ ಮಟ್ಟದಲ್ಲಿ ಕೇಳುತ್ತವೆ. ಮೆಲ್ಲಗೆ ಮುಟ್ಟಿದರೂ ತಕ್ಷಣ ಮಾತಾಡುತ್ತದೆ. ಮೈಕ್ ಇಲ್ಲದೆ ಹಾಡುವವರ ದನಿಯನ್ನೂ ಮುಚ್ಚುವುದಿಲ್ಲ. ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1992ರ ಎಂಟಿವಿ ಅನ್‌ಪ್ಲಗ್ಡ್ ಅನ್ನುವ ಪ್ರಸಿದ್ಧ ಅಕೂಸ್ಟಿಕ್ ಕಾರ್ಯಕ್ರಮದಲ್ಲಿ ನುಡಿಸಿದ್ದು 1939ರ ಒಂದು ಮಾರ್ಟಿನ್ 000-42. ಆ ಗಿಟಾರಿನ ಬೆಲೆ ನಮ್ಮ ಕೈಗೆ ಎಟುಕುವುದಿಲ್ಲ. ಆಕಾರ ಎಟುಕುತ್ತದೆ.

ಹಾಗಾದರೆ ಅಂಗಡಿಯಲ್ಲಿ ಏನು ಮಾಡಬೇಕು? ಹುಡುಗನಿಗೆ 'ಪಿಕ್ ಒಳಗಿಡಪ್ಪಾ, ಒಂದು ಸ್ಟೂಲ್ ಕೊಡು' ಅನ್ನಿ. ಮೂಲೆಯಲ್ಲಿ ಕೂತು ಒಂದು ಸಿ ಕಾರ್ಡ್ ಹಿಡಿಯಿರಿ. ಹೆಬ್ಬೆರಳಲ್ಲಿ ಐದನೇ ತಂತಿ, ನಾಲ್ಕನೇ ತಂತಿ, ಮತ್ತೆ ಐದು, ಮತ್ತೆ ನಾಲ್ಕು (ಅತಿ ಸಣ್ಣ ತಂತಿ ಒಂದನೆಯದು, ಅತಿ ದಪ್ಪದ್ದು ಆರನೆಯದು). ಅದು ನಡೆಯುತ್ತಿರುವಾಗಲೇ ಒಂದು, ಎರಡನೇ ತಂತಿಗಳನ್ನು ಮೆಲ್ಲಗೆ ಮೀಟಿ. ಮನೆಯಲ್ಲಿ ನುಡಿಸುವಷ್ಟೇ ಮೆಲ್ಲಗೆ. ಹೆಬ್ಬೆರಳ ಮೇಲೆ ಆ ಸಣ್ಣ ತಂತಿಗಳು ತೇಲಿ ಕೇಳುತ್ತವಾ? ಆಮೇಲೆ ಒಂದನೇ ತಂತಿಯನ್ನು ಐದು, ಏಳನೇ ಫ್ರೆಟ್ಟಿನಲ್ಲಿ (ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿ ಮೀಟಿ. ಸ್ವರಕ್ಕೆ ತುಸು ಮೈ ಇದ್ದರೆ ಸರಿ, ಬರೀ ಟಿಣ್ ಅಂದರೆ ವಾಪಸ್ ಕೊಡಿ. ಇನ್ನೂ ನುಡಿಸೋಕೆ ಬಾರದವರು ಬರುವ ಗೆಳೆಯರನ್ನು ಕರೆದುಕೊಂಡು ಹೋಗಿ ಎದುರು ಕೂತು ಕೇಳಿ.

ಇನ್ನು ದುಡ್ಡಿನ ಮಾತು. 25,000 ರೂಪಾಯಿ ಆಸುಪಾಸಿನಲ್ಲಿ ನೀವು ದುಡ್ಡು ಕೊಡಬೇಕಾದ್ದು ಒಂದಕ್ಕೆ ಮಾತ್ರ: ಸಾಲಿಡ್ ಟಾಪ್. ಅಂದರೆ ಮುಂಭಾಗದ ಹಲಗೆ ಪ್ಲೈವುಡ್ಡಿನಂತೆ ಪದರ ಅಂಟಿಸಿದ್ದಲ್ಲ, ನಿಜವಾದ ಮರ. ಸದ್ದು ಹುಟ್ಟುವುದೇ ಅಲ್ಲಿ. ಲೇಬಲ್ ನಂಬಬೇಡಿ, ಮೊಬೈಲಿನ ಟಾರ್ಚ್ ಹಚ್ಚಿ ಸೌಂಡ್ ಹೋಲಿನ, ಅಂದರೆ ಹೊಟ್ಟೆಯ ದುಂಡು ತೂತಿನ, ಅಂಚು ನೋಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದಿದ್ದರೆ ಸಾಲಿಡ್. ಅಡ್ಡಡ್ಡ ಪದರ ಕಂಡರೆ ಅಲ್ಲ. ಅಂಚಿಗೆ ದಪ್ಪಗೆ ಬಣ್ಣ ಬಳಿದು ಮುಚ್ಚಿದ್ದರೆ ಅನುಮಾನಪಡಿ.

ಸ್ಪೀಕರಿಗೆ ಜೋಡಿಸುವ ಪಿಕಪ್ಪು, ಹೊಟ್ಟೆಯ ಒಂದು ಮೂಲೆ ಕತ್ತರಿಸಿದ ಕಟವೇ, ಹೊಳೆಯುವ ಕಪ್ಪು ಪಾಲಿಶ್ ಯಾವುದೂ ಬೇಡ. ಅದೇ ಬೆಲೆಯಲ್ಲಿ ಅವನ್ನೆಲ್ಲ ಕೊಟ್ಟಿದ್ದಾರೆ ಅಂದರೆ ಮರದಲ್ಲಿ ಕತ್ತರಿ ಹಾಕಿದ್ದಾರೆ ಅಂತಲೇ ಅರ್ಥ. ಹಿಂದಿನ, ಪಕ್ಕದ ಹಲಗೆ ಯಾವ ಮರದ್ದು ಅನ್ನುವ ಚರ್ಚೆಯೂ ಈ ಬೆಲೆಯಲ್ಲಿ ವೇಸ್ಟು, ಅದು ಹೇಗೂ ಪದರದ್ದೇ. 'ರೋಸ್‌ವುಡ್ ಫಿನಿಶ್' ಅಂತ ಜಾಸ್ತಿ ಕೇಳಿದರೆ ನಕ್ಕು ಮುಂದೆ ಹೋಗಿ. ನಿಜವಾದ ರೋಸ್‌ವುಡ್ ನಮ್ಮ ಮಲೆನಾಡಿನ, ಕೊಡಗಿನ ಬೀಟೆ ಮರವೇ. ಬ್ರೆಜಿಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರಲ್ಲಿ, ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿಸಿಕೊಂಡಿತು. ಜಗತ್ತಿನ ದುಬಾರಿ ಗಿಟಾರುಗಳಿಗೆ ಮರ ನಮ್ಮ ಕಡೆಯದು, ನಮಗೆ ಮಾತ್ರ ಸ್ಟಿಕರ್!

ಹೆಸರು ಹೇಳಿ ಅನ್ನುವವರಿಗೆ ಎರಡು ಹೆಸರು. ಯಮಹಾ ಎಫ್‌ಎಸ್ 800, ಫೆಂಡರ್ ಸಿಸಿ-60ಎಸ್. ಎರಡೂ ಕಾನ್ಸರ್ಟ್ ಅಳತೆಯವು, ಅಂದರೆ ಡ್ರೆಡ್‌ನಾಟಿಗಿಂತ ಚಿಕ್ಕವು, ಎರಡಕ್ಕೂ ಸ್ಪ್ರೂಸ್ ಮರದ ಸಾಲಿಡ್ ಟಾಪ್. ನನ್ನ ಓಟು ಯಮಹಾಗೆ. ಅದರ ದೊಡ್ಡ ಅಣ್ಣ ಎಫ್‌ಜಿ 800ರ ಸ್ಕೇಲ್ 650 ಮಿ.ಮೀ., ಇದರದು 634. ಸ್ಕೇಲ್ ಅಂದರೆ ನಟ್ಟಿನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಕಚ್ಚುಗಳ ಪಟ್ಟಿ) ಸ್ಯಾಡಲ್‌ವರೆಗೆ (ಹೊಟ್ಟೆಯ ಮೇಲೆ ತಂತಿ ಕೂರುವ ಪಟ್ಟಿ) ತಂತಿ ಮಿಡಿಯುವ ಉದ್ದ. ಅಷ್ಟು ಕಮ್ಮಿಯಾದರೆ ಅದೇ ತಂತಿಯ ಬಿಗಿ ಸುಮಾರು 5% ಇಳಿಯುತ್ತದೆ. ಎಡಗೈಗೆ ಅದು ಗೊತ್ತಾಗುತ್ತದೆ. ಫೆಂಡರ್ ನುಡಿಸಿ ನೋಡಿ ಇಷ್ಟವಾದರೆ ನನ್ನ ಮಾತು ಬಿಟ್ಟುಬಿಡಿ. ಇನ್ನೂ ಪುಟ್ಟ ಪಾರ್ಲರ್ ಗಿಟಾರುಗಳು ನೋಡೋಕೆ ಮುದ್ದು, ಪ್ರಯಾಣಕ್ಕೂ ಹಗುರ. ಆದರೆ ಕಮ್ಮಿ ಬೆಲೆಯವು ಹೆಚ್ಚಾಗಿ ಡಬ್ಬಿ ಬಡಿದ ಹಾಗೆ ಕೇಳುತ್ತವೆ. ಇರುವುದೊಂದೇ ಗಿಟಾರ್ ಅಂತಾದರೆ ನಾನು ಕೊಳ್ಳುವುದಿಲ್ಲ.

ಒಂದು ಕೊರತೆ ಹೇಳಿಬಿಡುತ್ತೇನೆ. ಈ ಎರಡರಲ್ಲೂ ನಟ್ಟಿನ ಅಗಲ 43 ಮಿ.ಮೀ. ಬೆರಳಲ್ಲಿ ನುಡಿಸುವವರು ಸಾಮಾನ್ಯವಾಗಿ ಹುಡುಕುವುದು 44.5. ಒಂದೂವರೆ ಮಿಲಿಮೀಟರಿಗೆ ಇಷ್ಟು ರಂಪವಾ ಅಂದರೆ, ದಪ್ಪ ಬೆರಳಿನವರನ್ನು ಕೇಳಿ! ಪಕ್ಕದ ತಂತಿ ಪದೇ ಪದೇ ತಾಗಿ ಸ್ವರ ಸಾಯುತ್ತಿದ್ದರೆ ಅಗಲ ನಟ್ಟಿನದು ಸಿಗುವವರೆಗೆ ಕಾಯಿರಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ 52 ಇರುತ್ತದೆ, ಜಾಗಕ್ಕೆ ಬರವಿಲ್ಲ. ಆದರೆ ಅದರ ನಾದವೇ ಬೇರೆ, ಸ್ಟೀಲ್ ತಂತಿಯ ಮಿನುಗು ಬೇಕು ಅನ್ನುವವರಿಗೆ ಅದು ಒಗ್ಗುವುದಿಲ್ಲ.

ಬಜೆಟ್ಟಿನಲ್ಲಿ ಒಂದೆರಡು ಸಾವಿರ ಸೆಟಪ್ಪಿಗೆ, ಅಂದರೆ ತಂತಿಯ ಎತ್ತರ ಸರಿಮಾಡಿಸೋಕೆ, ಅಂತ ಎತ್ತಿಡಿ. ಇದನ್ನು ಯಾರೂ ಹೇಳುವುದಿಲ್ಲ, ನನಗೆ ಸಿಟ್ಟು ಬರುವುದೂ ಇಲ್ಲೇ. ಅಗ್ಗದ ಗಿಟಾರುಗಳು ಫ್ಯಾಕ್ಟರಿಯಿಂದ ಬರುವಾಗ ತಂತಿ ಎತ್ತರವಾಗಿಯೇ ಇರುತ್ತವೆ. ಮನೆಯಲ್ಲೇ ನೋಡಬಹುದು. ಒಂದು ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಮೊದಲನೇ ಫ್ರೆಟ್ಟಿನ ಮೇಲೆ ಎಷ್ಟು ಸಂದು ಇದೆ ಅಂತ ಕಣ್ಣು ಹತ್ತಿರ ತಂದು ನೋಡಿ. ಕೂದಲೆಳೆಯಷ್ಟು ಸಾಕು. ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ನಟ್ಟಿನ ಕಚ್ಚು ಆಳ ಮಾಡಿಸಬೇಕು. ಎಫ್ ಕಾರ್ಡ್ ಬರಲ್ಲ ಅಂತ ಗಿಟಾರನ್ನೇ ಅಟ್ಟಕ್ಕೆ ಹಾಕಿದವರಲ್ಲಿ ಎಷ್ಟೋ ಜನರ ಸಮಸ್ಯೆ ಬೆರಳಿನದಲ್ಲ, ಈ ಸಂದಿನದು. 12ನೇ ಫ್ರೆಟ್ಟಿನಲ್ಲಿ ದಪ್ಪ ತಂತಿಯ ಕೆಳಗೆ 2.5 ಮಿ.ಮೀ., ಸಣ್ಣ ತಂತಿಯ ಕೆಳಗೆ 2 ಇದ್ದರೆ ಆರಾಮ. ಅಲ್ಲಿ ಅರ್ಧ ಮಿ.ಮೀ. ಇಳಿಸಬೇಕಾದರೆ ಸ್ಯಾಡಲ್ಲಿನ ತಳವನ್ನು ಒಂದು ಮಿ.ಮೀ. ಉಜ್ಜಬೇಕು. ಜಾಸ್ತಿ ಉಜ್ಜಿದರೆ ವಾಪಸ್ ಬರಲ್ಲ, ಗೊತ್ತಿದ್ದವರ ಕೈಲೇ ಮಾಡಿಸಿ. ಹಾಗೇ 12ರ ಸೆಟ್ ಬದಲು ಅದಕ್ಕಿಂತ ತುಸು ತೆಳುವಾದ 11ರ ತಂತಿ ಹಾಕಿಸಿಕೊಳ್ಳಿ, ಚಿಕ್ಕ ಗಿಟಾರಿಗೆ ಅದು ಧಾರಾಳ.

ಸಾಲಿಡ್ ಟಾಪ್ ಹವೆಗೆ ಸ್ಪಂದಿಸುತ್ತದೆ, ಇದು ನೆನಪಿರಲಿ. ಮಂಗಳೂರಿನ ಮಳೆಗಾಲದಲ್ಲಿ ಟಾಪ್ ತೇವ ಹೀರಿ ಉಬ್ಬಿ ತಂತಿ ಎತ್ತರವಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿ ಫ್ರೆಟ್ಟಿನ ತುದಿಗಳು ಕೈಗೆ ಚುಚ್ಚುತ್ತವೆ. ಒಳಗಿನ ಹವೆಯಲ್ಲಿ ತೇವಾಂಶ 45ರಿಂದ 55% ಇದ್ದರೆ ಗಿಟಾರಿಗೆ ಹಿತ. ಗೋಡೆಗೆ ನೇತುಹಾಕಿ ಫೋಟೋ ಹಾಕುವುದು ಚೆಂದವೇ, ಆದರೆ ಬ್ಯಾಗಿನಲ್ಲಿ ಇಡುವುದು ವಾಸಿ. ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ, ಬೇಸಿಗೆಗೆ ತೇವ ಕೊಡುವ ಸಣ್ಣ ಹ್ಯೂಮಿಡಿಫೈಯರ್.

ಬೆಂಗಳೂರಿನಲ್ಲಿ ಸೆಟಪ್ ಮಾಡುವವರನ್ನು ಹುಡುಕುವುದು ಕಷ್ಟವಲ್ಲ. ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿ ಕಡೆಯ ಗೆಳೆಯರು ಕೇಳುತ್ತಲೇ ಇರುತ್ತಾರೆ. ನಟ್, ಸ್ಯಾಡಲ್ ಕೆಲಸ ನೀಟಾಗಿ ಮಾಡುವವರು ಆ ಊರುಗಳಲ್ಲಿ ನಿಮಗೆ ಗೊತ್ತಿದ್ದರೆ ಕೆಳಗೆ ತಿಳಿಸಿ, ಅವರಿಗೂ ನಾಲ್ಕು ಗಿರಾಕಿ ಸಿಕ್ಕಹಾಗಾಗುತ್ತದೆ.