ನವಮಿಯ ದಿನ, ಸತ್ತ ನೀರಿನಲ್ಲಿ

ಥಾಯ್ಲೆಂಡಿನ ಸಮುದ್ರದಲ್ಲಿ ಬೋಟಿನಲ್ಲಿ ಹೋಗಿ ಬಂದೆ ಅಂದರೆ ಊರಿನವರು ಕೇಳುವ ಪ್ರಶ್ನೆ ಎರಡೇ. ಎಷ್ಟು ಕೊಟ್ಟೆ? ಎಷ್ಟು ಪಾಯಿಂಟು ತೋರಿಸಿದ?

ಕೊಟ್ಟದ್ದು 3,500 ಬಾತ್. ನೋಡಿದ್ದು ಮೂರೇ ಪಾಯಿಂಟು. ಅದರಲ್ಲೂ ಒಂದನ್ನು ದೂರದಿಂದ. ಕೇಳಿದವರೆಲ್ಲ ನಾನು ಮೋಸ ಹೋದೆ ಎಂದೇ ತೀರ್ಮಾನಿಸಿದರು. ಅದಕ್ಕೇ ಇಷ್ಟು ಬರೆಯಬೇಕು ಅನಿಸಿತು.

ನಾನು ಕುಮಟಾ ಕಡೆಯವನು. ಬ್ಯಾಂಕಾಕಿಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿಂದ ಫುಕೆಟ್‌ಗೆ ವಿಮಾನದಲ್ಲಿ ಒಂದೂಕಾಲು, ಒಂದೂವರೆ ಗಂಟೆ. ಫುಕೆಟ್ ದ್ವೀಪಕ್ಕೂ ಥಾಯ್ಲೆಂಡಿನ ಮುಖ್ಯ ನೆಲಕ್ಕೂ ನಡುವೆ ಇರುವುದು ಫಂಗ್ ಙಾ ಕೊಲ್ಲಿ. ಶಾಲೆಯಲ್ಲಿ ಕಲಿತು ಅಲ್ಲೇ ಬಿಟ್ಟುಬಂದ 'ಙ' ಅಕ್ಷರ ನನ್ನ ಜೀವನದಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಬಂದದ್ದು ಈ ಹೆಸರಿನಲ್ಲಿ. 1981ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ಸುಮಾರು 400 ಚದರ ಕಿಲೋಮೀಟರ್, ಹೆಚ್ಚಿನದು ನೀರೇ. ಆ ನೀರಿನಿಂದ ಸುಣ್ಣದಕಲ್ಲಿನ ಗುಡ್ಡಗಳು ನೆಟ್ಟಗೆ ಎದ್ದು ನಿಂತಿವೆ. ಫೋಟೋದಲ್ಲಿ ನೀಲಿ ಕಾಣುವ ನೀರು ನಿಜದಲ್ಲಿ ಹಸಿರು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರು ಬಂದು ಸೇರುವ, ಆಳವಿಲ್ಲದ ಕೊಲ್ಲಿ ಅದು. ಅಘನಾಶಿನಿ ಅಳಿವೆ ನೋಡಿದವರಿಗೆ ಈ ಬಣ್ಣ ಹೊಸದಲ್ಲ.

ಹಿಂದೊಮ್ಮೆ ಇಲ್ಲಿಗೆ ಗುಂಪಿನ ಬೋಟಿನಲ್ಲಿ ಬಂದಿದ್ದೆ. ಸ್ಪೀಡ್ ಬೋಟು, ಮೂವತ್ತೈದು ಜನ, ಕೈಗೆ ಬಣ್ಣದ ಪಟ್ಟಿ. ಹೋಟೆಲುಗಳಲ್ಲಿ ತಿಂಡಿ ಮುಗಿದ ಮೇಲೆ ವ್ಯಾನು ಬರುತ್ತದೆ. ಹೀಗಾಗಿ ಎಲ್ಲ ಕಂಪನಿಯ ಬೋಟುಗಳೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹೊರಡುತ್ತವೆ, ಒಂದೇ ಹೊತ್ತಿಗೆ ತಲುಪುತ್ತವೆ. ಖಾವ್ ಫಿಂಗ್ ಕಾನ್ ಎಂಬ ದ್ವೀಪದ ಎದುರು ಕೋ ತಾಪು ಇದೆ. ಮೇಲೆ ದಪ್ಪ, ಬುಡ ಸಣ್ಣ, ಸುಮಾರು 20 ಮೀಟರ್ ಎತ್ತರದ ಕಲ್ಲು. ತಾಪು ಅಂದರೆ ಮೊಳೆ. 1974ರಲ್ಲಿ ಒಂದು ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಕಾಣಿಸಿಕೊಂಡ ಮೇಲೆ ಅದರ ಸ್ವಂತ ಹೆಸರೇ ಹೋಯಿತು. 1998ರಿಂದ ಬೋಟುಗಳು ಅದರ ಹತ್ತಿರ ಹೋಗುವಂತಿಲ್ಲ. ಅಂದು ನಾನು ನೋಡಿದ್ದು ಮೊಳೆಗಿಂತ ಜಾಸ್ತಿ, ಮೊಳೆಯ ಮುಂದೆ ಕೈ ಎತ್ತಿ ನಿಂತವರ ಬೆನ್ನುಗಳನ್ನು. ಮಧ್ಯಾಹ್ನದೊಳಗೆ ಏಳು ಪಾಯಿಂಟು ಮುಗಿದಿತ್ತು. ಊರಿನವರ ಲೆಕ್ಕದಲ್ಲಿ ಅದೇ ಒಳ್ಳೆಯ ಟ್ರಿಪ್ಪು.

ಈ ಸಲ ಊರಿಂದ ಆಯಿ, ಅಂದರೆ ನನ್ನ ಅಮ್ಮ, ಬಂದಿದ್ದಳು. ಅರವತ್ತೆಂಟು ವರ್ಷ, ಮಂಡಿ ನೋವು. ಸ್ಪೀಡ್ ಬೋಟಿನ ಏಟಿಗೆ ಬೆನ್ನು ಉಳಿಯುವುದಿಲ್ಲ. ಪರಿಚಯದವರ ಮೂಲಕ ಒಬ್ಬ ಲಾಂಗ್‌ಟೇಲ್ ಬೋಟಿನವರ ನಂಬರು ಸಿಕ್ಕಿತು. ದಿನವಿಡೀ ಬೋಟು ನಮಗಿಬ್ಬರಿಗೇ. ಥಾಯ್ಲೆಂಡಿನ ಈ ತೆಂಕಣ ಭಾಗದಲ್ಲಿ ನಮಗಿಂತ ಹಿರಿಯ ಮುಸಲ್ಮಾನ ಗಂಡಸರನ್ನು 'ಬಾಂಗ್' ಎಂದು ಕರೆಯುತ್ತಾರೆ. ಅಣ್ಣ ಎಂದ ಹಾಗೆ. ನಾನೂ ಹಾಗೇ ಕರೆದೆ. ಶನಿವಾರ ಬರಬಹುದಾ ಎಂದು ಕೇಳಿದೆ. ಬಾಂಗ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶುಕ್ರವಾರ ಬನ್ನಿ, ನೀರು ಸತ್ತಿರುತ್ತದೆ" ಅಂದರು.

ಸತ್ತ ನೀರು. ನಾಮ್ ತಾಯ್. ಉಬ್ಬರ ಇಳಿತದ ವ್ಯತ್ಯಾಸ ತೀರಾ ಕಮ್ಮಿ ಇರುವ ದಿನಗಳಿಗೆ ಥಾಯ್ ಭಾಷೆಯಲ್ಲಿ ಇರುವ ಮಾತು ಅದು. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ನೀರು 'ಹುಟ್ಟುತ್ತದೆ', ಅಷ್ಟಮಿ ಆದ ಮೇಲೆ 'ಸಾಯುತ್ತದೆ'. ಇಲ್ಲಿನ ಗೋಡೆ ಕ್ಯಾಲೆಂಡರಿನಲ್ಲಿ ನಮ್ಮ ಪಂಚಾಂಗದ ಹಾಗೇ ಶುಕ್ಲಪಕ್ಷ, ಕೃಷ್ಣಪಕ್ಷದ ದಿನಗಳನ್ನು ಹಾಕಿರುತ್ತಾರೆ. ಅಷ್ಟಮಿಯ ಮನೆಯಲ್ಲಿ ಪುಟ್ಟ ಬುದ್ಧನ ಚಿತ್ರ ಇರುತ್ತದೆ. ಬಾಂಗ್ ನೋಡಿದ್ದು ಅದನ್ನೇ.

ಆಯಿಯೂ ನೋಡಿದಳು, ಊರಿಂದ ತಂದ ಪಂಚಾಂಗದಲ್ಲಿ. "ಶುಕ್ರವಾರ ನವಮಿ. ನವಮಿ ದಿನ ಯಾರಾದ್ರೂ ಹೊರಡ್ತ್ವನಾ?"

ಇಬ್ಬರೂ ಚಂದ್ರನನ್ನೇ ಹಿಡಿದು ಮಾತಾಡುತ್ತಿದ್ದರು. ಒಬ್ಬರಿಗೆ ಅದೇ ಒಳ್ಳೆಯ ದಿನ, ಇನ್ನೊಬ್ಬರಿಗೆ ಅದೇ ಕೆಟ್ಟ ದಿನ. ಕೊನೆಗೆ ಆಯಿಯೇ ದಾರಿ ಹುಡುಕಿದಳು. ಸಪ್ತಮಿ ದಿನವೇ ತನ್ನ ಚೀಲ ಒಯ್ದು ಹೋಟೆಲಿನ ಕೌಂಟರಿನ ಹುಡುಗಿಯ ಹತ್ತಿರ ಇಟ್ಟು ಬಂದಳು. ಪ್ರಸ್ಥಾನ ಇಟ್ಟಾಯಿತು, ಪ್ರಯಾಣ ಶುರುವಾದ ಲೆಕ್ಕ. ಆ ಹುಡುಗಿ ಎರಡು ದಿನ ಆ ಚೀಲ ಕಾದಳು, ಯಾಕೆ ಎಂದು ಒಂದು ಮಾತು ಕೇಳಲಿಲ್ಲ.

ನೀರು ಸತ್ತಿದ್ದರೆ ನಮಗೇನು ಲಾಭ? ಅದನ್ನು ತಿಳಿಯಲು ಈ ಗುಡ್ಡಗಳ ಒಳಗೇನಿದೆ ನೋಡಬೇಕು. ಇವು 25 ಕೋಟಿ ವರ್ಷಕ್ಕೂ ಹಳೆಯ ಸುಣ್ಣದಕಲ್ಲು. ಮಳೆನೀರು ಕಲ್ಲನ್ನು ಕರಗಿಸಿ ಕರಗಿಸಿ ಒಳಗೆ ಪೊಳ್ಳು ಮಾಡಿದೆ. ಕೆಲವು ಕಡೆ ಆ ಪೊಳ್ಳಿನ ಚಾವಣಿಯೂ ಕುಸಿದಿದೆ. ಆಗ ಗುಡ್ಡದ ಹೊಟ್ಟೆಯಲ್ಲೊಂದು ಅಂಗಳ ಆಗುತ್ತದೆ. ಸುತ್ತಲೂ ಗೋಡೆ, ಮೇಲೆ ಆಕಾಶ, ಕೆಳಗೆ ಸಮುದ್ರದ ನೀರು. ನಮ್ಮ ತೊಟ್ಟಿ ಮನೆಯ ಹಾಗೆ. ಥಾಯ್‌ನಲ್ಲಿ ಇದಕ್ಕೆ 'ಹೊಂಗ್' ಅನ್ನುತ್ತಾರೆ, ಅಂದರೆ ಕೋಣೆ. ಒಳಗೆ ಹೋಗಲು ಇರುವುದು ನೀರಿನ ಮಟ್ಟದ ಒಂದು ಗುಹೆ. ಭರತ ಜಾಸ್ತಿ ಆದರೆ ತಲೆ ಚಾವಣಿಗೆ ಬಡಿಯುತ್ತದೆ. ಇಳಿತ ಜಾಸ್ತಿ ಆದರೆ ದೋಣಿ ಕೆಸರಿನಲ್ಲಿ ಕೂರುತ್ತದೆ. ಹುಣ್ಣಿಮೆ ಹೊತ್ತಿಗೆ ಇಲ್ಲಿ ನೀರು ಎರಡು ಮೀಟರಿಗೂ ಜಾಸ್ತಿ ಏರಿ ಇಳಿಯುತ್ತದೆ. ಆಗ ಗುಹೆಯ ಬಾಯಿ ತೆರೆದಿರುವ ಹೊತ್ತು ಬಹಳ ಕಮ್ಮಿ. ಸತ್ತ ನೀರಿನ ದಿನ ಅಷ್ಟು ಅವಸರವಿಲ್ಲ, ಸೆಳೆತವೂ ಕಮ್ಮಿ. ಮಂಡಿ ನೋವಿನ ಅಮ್ಮ ಬರುತ್ತಾಳೆ ಎಂದು ನಾನು ಮೊದಲೇ ಹೇಳಿದ್ದೆ. ಬಾಂಗ್ ದಿನ ಆರಿಸಿದ್ದು ಅವಳನ್ನು ನೋಡಿ.

ಪ್ರೈವೇಟ್ ಬೋಟಿಗೆ ಕೊಡುವ ದುಡ್ಡು ಇದಕ್ಕೆ ಅನ್ನುವುದು ನನ್ನ ಅನಿಸಿಕೆ. ಮೆತ್ತನೆ ಸೀಟಿಗಲ್ಲ, ಹಣ್ಣಿನ ತಟ್ಟೆಗಲ್ಲ. ತಿಂಡಿ ಮುಗಿಯುವ ಹೊತ್ತಿಗೆ ಹೊರಡುವ ಬದಲು ನೀರು ಹೇಳಿದ ಹೊತ್ತಿಗೆ ಹೊರಡುವುದಕ್ಕೆ.

ಬೆಳಿಗ್ಗೆ ಆರೂವರೆಗೆ ಹೊರಟೆವು. ಲಾಂಗ್‌ಟೇಲ್ ಅಂದರೆ ಉದ್ದನೆ ಮರದ ದೋಣಿಗೆ ಹಳೆಯ ಕಾರಿನದೋ ಲಾರಿಯದೋ ಎಂಜಿನ್ನು, ಅದರಿಂದ ಹಿಂದಕ್ಕೆ ಚಾಚಿದ ಉದ್ದನೆ ಸರಳು, ತುದಿಯಲ್ಲಿ ಫ್ಯಾನು. ನೀರು ಆಳವಿಲ್ಲದ ಕಡೆ ಸರಳನ್ನೇ ಎತ್ತಿ ಹಿಡಿಯುತ್ತಾರೆ. ಸದ್ದು ಮಾತ್ರ ಜೋರು. ಮೂತಿಗೆ ಬಣ್ಣದ ಬಟ್ಟೆ, ಹೂವಿನ ಹಾರ. ಆಯಿ ಅಲ್ಲಿಂದಲೇ ಹತ್ತಲು ಕಾಲೆತ್ತಿದಳು. ಬಾಂಗ್ ಎರಡೂ ಕೈ ಅಡ್ಡ ಹಿಡಿದರು. ಬೋಟಿನ ದೇವಿ ಇರುವ ಜಾಗ, ತುಳಿಯುವ ಹಾಗಿಲ್ಲ. ಅವರು ಮುಸಲ್ಮಾನರು, ಆದರೂ ಬಟ್ಟೆ ಕಟ್ಟಿದ್ದರು. ಕೇಳಿದ್ದಕ್ಕೆ "ಸಮುದ್ರದಲ್ಲಿ ಎಲ್ಲರೂ ಕಟ್ಟುತ್ತಾರೆ" ಅಂದರು. ಆಯಿಗೆ ಈ ಉತ್ತರ ಪೂರ್ತಿ ಒಪ್ಪಿಗೆ ಆಯಿತು. ಮೂತಿಗೆ ಕೈ ಮುಗಿದು ಪಕ್ಕದಿಂದ ಹತ್ತಿದಳು.

ಮೊದಲ ಗುಡ್ಡ ಹತ್ತಿರ ಬಂದಾಗ ಅವಳು ಹೇಳಿದ್ದು, "ಇದು ನಮ್ಮ ಯಾಣನೇ ಅಲ್ದನಾ ತಮಾ? ನೀರಲ್ಲಿ ಮುಳುಗ್ಸಿಟ್ಟಾಂಗೆ ಇದ್ದು."

ನಿಜ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಅವೂ ಸುಣ್ಣದಕಲ್ಲೇ, ಬಣ್ಣ ಮಾತ್ರ ಕಪ್ಪು. ಹಿಮಯುಗ ಮುಗಿದು ಸಮುದ್ರ ಏರಿದಾಗ ಮುಳುಗಿದ್ದು ಇಲ್ಲಿಯ ಗುಡ್ಡಗಳು. ಯಾಣ ಕಾಡಿನಲ್ಲಿ ಒಣಗಿಕೊಂಡೇ ಉಳಿಯಿತು. ಹನ್ನೊಂದು ವರ್ಷದಲ್ಲಿ ನಾನು ಎಷ್ಟೋ ಜನರನ್ನು ಇಲ್ಲಿಗೆ ಕರೆತಂದಿದ್ದೇನೆ. ಈ ಹೋಲಿಕೆ ನನಗೇ ಹೊಳೆದಿರಲಿಲ್ಲ.

ಕೋ ಪನಕ್ ದ್ವೀಪದಲ್ಲಿ ಬಾಂಗ್ ಬೋಟನ್ನು ತಮ್ಮ ಅಣ್ಣನ ಮಗನಿಗೆ ಒಪ್ಪಿಸಿ, ಗಾಳಿ ತುಂಬಿದ ಕಯಾಕ್ ಇಳಿಸಿದರು. ಗುಹೆಯಲ್ಲಿ ಕತ್ತಲೆ, ಬಾವಲಿ ಹಿಕ್ಕೆಯ ವಾಸನೆ. ಒಂದು ಕಡೆ ನಾವು ಅಂಗಾತ ಮಲಗಬೇಕಾಯಿತು. ಮೂಗಿನಿಂದ ಒಂದು ಗೇಣು ಮೇಲೆ ಕಲ್ಲು. ಬಾಂಗ್ ಹುಟ್ಟು ಬಿಟ್ಟು ಚಾವಣಿಗೇ ಕೈ ಕೊಟ್ಟು ದೋಣಿ ತಳ್ಳಿದರು. ಆಯಿ ಪಿಸುಮಾತಿನಲ್ಲಿ ನಾರಾಯಣ ನಾರಾಯಣ ಅನ್ನುತ್ತಿದ್ದಳು. ಒಮ್ಮೆಲೇ ಬೆಳಕು. ಸುತ್ತ ಹಸಿರು ಗೋಡೆ, ಮಧ್ಯೆ ಕಾಂಡ್ಲಾ ಗಿಡ, ಕೆಸರಿನ ಮೇಲೆ ನೆಗೆಯುವ ಮೀನು, ಏಡಿ ಹುಡುಕುತ್ತ ಕೂತ ಒಂದು ಮಂಗ. ಹನಿ ಬೀಳುವ ಸದ್ದು ಬಿಟ್ಟು ಏನೂ ಇಲ್ಲ. ಅಲ್ಲಿ ಮುಕ್ಕಾಲು ಗಂಟೆ ಇದ್ದೆವು. ಮುಕ್ಕಾಲು ಗಂಟೆಯಲ್ಲಿ ನಡೆದದ್ದೇನು ಎಂದರೆ, ಮಂಗ ಒಂದು ಏಡಿ ತಿಂದಿತು.

ಅಷ್ಟರಲ್ಲಿ ಗುಂಪಿನ ಬೋಟುಗಳು ಬಂದವು. ಸಾಲಾಗಿ ಕಯಾಕುಗಳು ಒಳಗೆ ಬಂದವು. ಗೈಡುಗಳು ಬಾಯಿ ಮೇಲೆ ಬೆರಳಿಟ್ಟು ಸುಮ್ಮನಿರಿ ಎನ್ನುತ್ತಿದ್ದರು. ಅದರ ನಡುವೆಯೇ ಒಬ್ಬ ಗೋಡೆಗೆ ಮುಖ ಮಾಡಿ "ಹೋಯ್, ಸೌಂಡ್ ಬರತ್ತೆ ನೋಡ್ರೋ!" ಎಂದು ಕೂಗಿದ. ಸ್ವಚ್ಛ ಕನ್ನಡ. ಹೊರನಾಡಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಓಡಿ ಹೋಗಿ ಮಾತಾಡಿಸುವವನು ನಾನು. ಅವತ್ತು ಮಾತ್ರ ಥಾಯ್‌ನವನ ಹಾಗೆ ಮುಖ ಮಾಡಿಕೊಂಡು ಕೂತೆ.

ಆದರೆ ನಮ್ಮ ರೀತಿಯನ್ನು ಪೂರ್ತಿ ಬಯ್ಯಲೂ ಮನಸ್ಸಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಾಗ ಬೋಟು ತುಂಬುವ ತನಕ ಕಾಯುತ್ತೇವೆ. ಆ ಕಾಯುವಿಕೆಯಲ್ಲೇ ಪಕ್ಕದವರ ಊರು, ಮಗನ ಕೆಲಸ, ಎಲ್ಲ ಗೊತ್ತಾಗಿ, ಇಳಿಯುವಾಗ ಚಕ್ಕುಲಿ ಹಂಚಿರುತ್ತೇವೆ. ಪ್ರೈವೇಟ್ ಬೋಟಿನಲ್ಲಿ ಈ ಭಾಗ್ಯ ಇಲ್ಲ. ಇನ್ನೊಂದು ವಿಷಯ. ನಮ್ಮ ಕಡೆ ಬೋಟಿನವರು ಬಾಯಿಬಿಟ್ಟು ಹೇಳುತ್ತಾರೆ. "ನೀರು ಇಳದಿದೆ, ಕಾಣೂದಿಲ್ವಾ?" ಅಂದುಬಿಟ್ಟರೆ ಮುಗಿಯಿತು. ಇಲ್ಲಿ ಯಾರೂ ಆಗುವುದಿಲ್ಲ ಅನ್ನುವುದಿಲ್ಲ. ಮೂರು ಗಂಟೆಗೆ ಇನ್ನೊಂದು ಹೊಂಗ್ ನೋಡೋಣವಾ ಎಂದು ನಾನು ಕೇಳಿದೆ. ಬಾಂಗ್ ನಕ್ಕು "ದಾಯ್, ದಾಯ್" ಅಂದರು. ಆಗುತ್ತದೆ ಎಂದು ಅರ್ಥ. ಬೋಟು ಮಾತ್ರ ಆ ಕಡೆ ತಿರುಗಲೇ ಇಲ್ಲ. ಇಷ್ಟು ವರ್ಷವಾದರೂ ಆ ನಗುವಿನಲ್ಲಿ ಯಾವುದು ಹೌದು, ಯಾವುದು ಇಲ್ಲ ಎಂದು ನನಗೆ ಪೂರ್ತಿ ತಿಳಿಯುವುದಿಲ್ಲ. ಕುಮಟಾದ ಬೈಗುಳವೇ ಸುಲಭ.

ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ನೋಡಲು ಈಗ ತುಂಬ ಜನ ಬರುತ್ತಾರೆ. ಹೋದವರು ಮೊದಲು ಕೇಳುವುದು ಅರ್ಧ ಗಂಟೆಗೆ ಎಷ್ಟು, ಒಂದು ಗಂಟೆಗೆ ಎಷ್ಟು ಎಂದು. ಆಮೇಲೆ ಚೌಕಾಸಿ. ಆ ಬೋಟಿನವರಿಗೂ ಅಷ್ಟಮಿಯ ನೀರು ಯಾವುದು, ಅಮಾವಾಸ್ಯೆಯ ನೀರು ಯಾವುದು ಚೆನ್ನಾಗಿ ಗೊತ್ತು. ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಯಾವತ್ತು ಬಂದರೆ ಒಳ್ಳೆಯದು ಎಂದು ಕೇಳಿ ಹೊರಟರೆ ಅವರ ಬೆಲೆ ಬೇರೆಯೇ ಆಗುತ್ತದೆ. ಏಳು ಪಾಯಿಂಟಿನ ಪಟ್ಟಿ ಜೇಬಿನಲ್ಲಿಟ್ಟುಕೊಂಡು ಹೋಗುವವರು ಪ್ರೈವೇಟ್ ಬೋಟು ಮಾಡುವುದೇ ದಂಡ. ಅದು ನೀರಿನ ಮೇಲಿನ ಆಟೋ ಅಷ್ಟೇ.

ಮಧ್ಯಾಹ್ನ ಕೋ ಪನ್ಯಿ. ಗುಡ್ಡದ ಬುಡದಲ್ಲಿ, ಕಂಬಗಳ ಮೇಲೆ, ನೀರಿನಲ್ಲೇ ನಿಂತ ಮುಸಲ್ಮಾನರ ಊರು. ಹದಿನೆಂಟನೆಯ ಶತಮಾನದ ಕೊನೆಗೆ ಜಾವಾ ಕಡೆಯಿಂದ ಬಂದ ಮೀನುಗಾರರು ಕಟ್ಟಿದ್ದು. ಬಾಂಗ್ ಬೋಟು ಕಟ್ಟಿ, "ಇವತ್ತು ಶುಕ್ರವಾರ" ಅಂದು ಮಸೀದಿಗೆ ಹೊರಟರು. ಒಂದೂಕಾಲು ಗಂಟೆ. ದಿನದ ಬಾಡಿಗೆ ಕೊಟ್ಟವನು ನಾನು, ಕಾಯಬೇಕಾದವನೂ ನಾನೇ ಎಂದು ಮೊದಲು ಸ್ವಲ್ಪ ಉರಿಯಿತು. ಆಯಿ, "ದೇವ್ರ ಕೆಲ್ಸ, ಹೋಗಿ ಬರಲಿ" ಅಂದಳು. ಮರದ ಹಲಗೆಯ ಓಣಿಗಳಲ್ಲಿ ನಿಧಾನ ಸುತ್ತಿದೆವು. ಆಡಲು ನೆಲವೇ ಇಲ್ಲದ ಈ ಊರಿನ ಹುಡುಗರು 1986ರ ವಿಶ್ವಕಪ್ ನೋಡಿ ಹುಚ್ಚು ಹಿಡಿದು, ಹಳೆ ಹಲಗೆ ಸೇರಿಸಿ ತೇಲುವ ಫುಟ್ಬಾಲ್ ಮೈದಾನ ಮಾಡಿಕೊಂಡಿದ್ದರಂತೆ. ತೇಲುವ ಮೈದಾನ ಈಗಲೂ ಇದೆ. ಚೆಂಡು ನೀರಿಗೆ ಬಿದ್ದರೆ ಹುಡುಗನೂ ನೀರಿಗೆ.

ಊಟಕ್ಕೆ ನಾವು ಮೊಸರನ್ನ, ಅಪ್ಪೆಮಿಡಿ ಕಟ್ಟಿಕೊಂಡಿದ್ದೆವು. ಇಲ್ಲಿ ಸಸ್ಯಾಹಾರ ಎಂದರೆ ಸಾಲದು, 'ಜೇ' ಎಂದು ಹೇಳಬೇಕು. ಇಲ್ಲದಿದ್ದರೆ ಮೀನಿನ ಸಾಸು ತಪ್ಪುವುದಿಲ್ಲ. ಪಂಥ ಬೇಡ ಎಂದು ಮನೆಯದೇ ತಂದಿದ್ದೆವು. ನಮಾಜು ಮುಗಿಸಿ ಬಂದ ಬಾಂಗ್‌ಗೆ ಆಯಿ ಒಂದು ಮಿಡಿ ಕೊಟ್ಟಳು. ಹುಳಿ ಮಾವಿಗೆ ಉಪ್ಪು ಖಾರ ಹಚ್ಚಿ ತಿನ್ನುವ ಜನ ಇವರು. ಕಣ್ಣು ಮುಚ್ಚಿ ಚೀಪಿ, ಕೈ ಚಾಚಿ ಇನ್ನೊಂದು ಕೇಳಿದರು.

ತಕರಾರು ಒಂದಿದೆ. ಉದ್ಯಾನದ ಟಿಕೆಟ್ಟು ಥಾಯ್‌ನವರಿಗೆ 60 ಬಾತ್, ವಿದೇಶಿಯರಿಗೆ 300. ಹನ್ನೊಂದು ವರ್ಷ ತೆರಿಗೆ ಕಟ್ಟಿದವನು ನಾನು, ನಾನೂ ವಿದೇಶಿಯೇ. ಹಂಪಿಯಲ್ಲಿ ನಾವು ಮಾಡುವುದೂ ಅದೇ, 40 ಮತ್ತು 600 ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಬಿಮ್‌ಸ್ಟೆಕ್ ಎಂಬ, ಬಂಗಾಳ ಕೊಲ್ಲಿಯ ಸುತ್ತಿನ ದೇಶಗಳ ಒಕ್ಕೂಟದವರಿಗೆ ನಮ್ಮ ಪುರಾತತ್ವ ಇಲಾಖೆ ಭಾರತೀಯರ ದರವನ್ನೇ ಹಾಕುತ್ತದೆ. ಥಾಯ್ಲೆಂಡ್ ಅದರಲ್ಲಿದೆ. ಅಂದರೆ ಬಾಂಗ್ ಹಂಪಿಗೆ ಬಂದರೆ ಆಯಿಯಷ್ಟೇ ಕೊಡುತ್ತಾರೆ. ಇದನ್ನು ಕೌಂಟರಿನವನಿಗೆ ವಿವರಿಸಿದೆ. ಅವನೂ ನಕ್ಕ. 300 ಅಂದ.

ಥಾಯ್‌ನವರೇನು ಸಮುದ್ರವನ್ನು ತಲೆ ಮೇಲೆ ಹೊತ್ತುಕೊಂಡಿಲ್ಲ. ಪೀ ಪೀ ದ್ವೀಪಗಳ ಮಾಯಾ ಬೇ ಎಂಬ ಕಡಲತೀರ ಬೋಟು, ಜನ ಜಾಸ್ತಿಯಾಗಿ ಹವಳ ಹಾಳಾಗಿ, 2018ರಿಂದ 2022ರ ಜನವರಿ ತನಕ ಮುಚ್ಚಿತ್ತು. ಮನೆಗೊಂದು ಬೋಟು ಮಾಡಿಕೊಂಡು ನಾನು ಮೆರೆಯುವಾಗ ನೀರಿಗೆ ಒಂದು ಎಂಜಿನ್ನು ಜಾಸ್ತಿ ಇಳಿಸಿದ್ದೇನೆ. ಮೂವತ್ತೈದು ಜನಕ್ಕೆ ಒಂದು ಬೋಟು ಸರಿಯೋ, ಇಬ್ಬರಿಗೆ ಒಂದು ಸರಿಯೋ? ಈ ಲೆಕ್ಕ ನನ್ನ ಪರವಾಗಿ ಬರುವುದಿಲ್ಲ. ಪ್ರತಿ ವರ್ಷ ಹೀಗೆ ಬರಬಾರದು ಅಂದುಕೊಂಡಿದ್ದೇನೆ, ನೋಡಬೇಕು.

ನಾಲ್ಕು ಗಂಟೆಗೆ ವಾಪಸು. ಕೋ ತಾಪುವನ್ನು ದೂರದಿಂದಲೇ ತೋರಿಸಿದೆ. ಆಯಿ "ಹೌದಾ" ಅಂದಳು, ಅಷ್ಟೇ. ದಡಕ್ಕೆ ಇಳಿದ ಮೇಲೆ ಬಾಂಗ್‌ಗೆ ದುಡ್ಡು ಎಣಿಸಿ ಕೊಡುವುದನ್ನು ನೋಡಿದಳು. ನಮ್ಮ ರೂಪಾಯಿಯಲ್ಲಿ ಎಷ್ಟು ಎಂದು ಕೇಳಿದಳು. ಒಂಬತ್ತು ಸಾವಿರದ ಹತ್ತಿರ ಅಂದೆ. ಸ್ವಲ್ಪ ದೂರ ಮಾತಿಲ್ಲದೆ ನಡೆದಳು.

"ರೊಕ್ಕಿದ್ದವ ಗೋಕರ್ಣಕ್ಕೆ, ಸೊಕ್ಕಿದ್ದವ ಯಾಣಕ್ಕೆ ಹೇಳಿ ನಮ್ಮ ಕಡೆ ಗಾದೆ," ಅಂದಳು. "ನಿಂಗೆ ಎರಡೂ ಇದ್ದು."